ಕಡಲಾಚೆಯ ಮುಚ್ಚಳಿಕೆ

2025ರ ಮಾರ್ಚ್ ತಿಂಗಳ ಕೊನೆಯಲ್ಲಿ ಫ್ರಾನ್ಸಿನ ಹಲವು ಕಂಪನಿಗಳಿಗೆ ಅಮೆರಿಕದ ರಾಯಭಾರ ಕಚೇರಿಯಿಂದ ಪತ್ರ ಬಂದಿದೆ ಎಂಬ ಸುದ್ದಿ ಪ್ಯಾರಿಸ್‌ನ ಪತ್ರಿಕೆಗಳಲ್ಲಿ ಹೊರಬಿತ್ತು. ಪತ್ರ ಚಿಕ್ಕದು, ಜೊತೆಗೊಂದು ನಮೂನೆ. ಅಮೆರಿಕದ ಅಧ್ಯಕ್ಷರು ಹೊರಡಿಸಿದ 14173ನೇ ಕಾರ್ಯಕಾರಿ ಆದೇಶವು ಆ ಸರ್ಕಾರಕ್ಕೆ ಸರಕು ಒದಗಿಸುವ, ಸೇವೆ ಸಲ್ಲಿಸುವ ಎಲ್ಲರಿಗೂ ಅನ್ವಯಿಸುತ್ತದೆ; ಅವರು ಯಾವ ದೇಶದವರು, ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು ಮುಖ್ಯವಲ್ಲ ಎಂದು ಪತ್ರ ಹೇಳಿತ್ತು. ನಮೂನೆಯನ್ನು ಇಂಗ್ಲಿಷಿನಲ್ಲೇ ತುಂಬಿ, ಸಹಿ ಹಾಕಿ, ಐದು ದಿನದೊಳಗೆ ಇ-ಮೇಲ್‌ನಲ್ಲಿ ಹಿಂದಿರುಗಿಸಬೇಕು. ಸಹಿಗೆ ಒಪ್ಪದವರು ಕಾರಣಗಳನ್ನು ವಿವರವಾಗಿ ಬರೆದು ಕಳಿಸಬೇಕು; ಅವು ಕಾನೂನು ವಿಭಾಗಕ್ಕೆ ಹೋಗುತ್ತವೆ. ಬೆಲ್ಜಿಯಂ, ಸ್ಪೇನ್ ಮುಂತಾದ ದೇಶಗಳ ಕಂಪನಿಗಳಿಗೂ ಇದೇ ಬಗೆಯ ಪತ್ರಗಳು ಹೋಗಿದ್ದವು. ಕನ್ನಡದ ಕಚೇರಿ ಭಾಷೆಯಲ್ಲಿ ಇಂಥ ಕಾಗದಕ್ಕೆ ಹಳೆಯ ಹೆಸರಿದೆ: ಮುಚ್ಚಳಿಕೆ.

ಮುಚ್ಚಳಿಕೆಯ ಒಕ್ಕಣೆ ಇಷ್ಟು: ಅಮೆರಿಕದ ಅನ್ವಯಿಸತಕ್ಕ ತಾರತಮ್ಯ ವಿರೋಧಿ ಕಾನೂನುಗಳನ್ನು ಮುರಿಯುವಂಥ ‘ಡಿಇಐ’ ಕಾರ್ಯಕ್ರಮ ಯಾವುದನ್ನೂ ನಾವು ನಡೆಸುತ್ತಿಲ್ಲ. ಡಿಇಐ ಎಂದರೆ ವೈವಿಧ್ಯ, ಸಮತೆ, ಒಳಗೊಳ್ಳುವಿಕೆ. ಹೆಣ್ಣುಮಕ್ಕಳು, ಕರಿಯರು, ವಲಸಿಗರು, ಅಂಗವಿಕಲರು, ಲೈಂಗಿಕ ಅಲ್ಪಸಂಖ್ಯಾತರು ಕಚೇರಿಯೊಳಗೆ ಬರುವಂತೆ, ಬಂದವರು ಉಳಿಯುವಂತೆ, ಮೇಲೇರುವಂತೆ ಕಂಪನಿಗಳು ಮಾಡಿಕೊಂಡ ಏರ್ಪಾಟುಗಳಿಗೆಲ್ಲ ಒಟ್ಟಾಗಿ ಈ ಹೆಸರು. ಇದರಲ್ಲಿ ಬಹಳ ಬೇರೆಬೇರೆ ವಸ್ತುಗಳು ಒಂದೇ ಚೀಲದಲ್ಲಿ ಸೇರಿಕೊಂಡಿವೆ. ಗಾಲಿಕುರ್ಚಿ ಹತ್ತುವ ಇಳಿಜಾರೂ ಡಿಇಐ, ಇಷ್ಟು ವರ್ಷದೊಳಗೆ ಮ್ಯಾನೇಜರುಗಳಲ್ಲಿ ಇಷ್ಟು ಪಾಲು ಹೆಂಗಸರಿರಬೇಕು ಎಂಬ ಗುರಿಯೂ ಡಿಇಐ, ಅರ್ಧ ದಿನದ ತರಬೇತಿಯಲ್ಲಿ ತೋರಿಸುವ ಸ್ಲೈಡುಗಳೂ ಡಿಇಐ. ಮುಂದೆ ಎದ್ದ ಗೊಂದಲಕ್ಕೆ ಅರ್ಧ ಕಾರಣ ಈ ಚೀಲವೇ.

ಸರ್ಕಾರಿ ಗುತ್ತಿಗೆಯ ಮೂಲಕ ಕಂಪನಿಯ ನೇಮಕಾತಿಯನ್ನು ತಿದ್ದುವ ಉಪಾಯ ಹೊಸದಲ್ಲ, ಅದನ್ನು ಮೊದಲು ಬಳಸಿದವರು ಈ ಹೊಸ ಆದೇಶಕ್ಕೆ ಎದುರು ಪಕ್ಷದವರೇ. 1961ರಲ್ಲಿ ಅಧ್ಯಕ್ಷ ಕೆನಡಿ ಹೊರಡಿಸಿದ ಆದೇಶವೊಂದರಲ್ಲಿ, ಗುತ್ತಿಗೆದಾರರು ಜನಾಂಗಭೇದವಿಲ್ಲದೆ ನೇಮಕ ಮಾಡಲು ಕಾರ್ಯತಃ ಕ್ರಮ ಕೈಗೊಳ್ಳಬೇಕು ಎಂಬ ಮಾತು ಬಂತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ ಖಾಸಗಿ ಉದ್ಯೋಗದಲ್ಲೂ ತಾರತಮ್ಯವನ್ನು ನಿಷೇಧಿಸಿತು. ಮರುವರ್ಷ, 1965ರ ಸೆಪ್ಟೆಂಬರ್ 24ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ 11246ನೇ ಆದೇಶಕ್ಕೆ ಸಹಿ ಹಾಕಿದರು. ಸರ್ಕಾರದ ದುಡ್ಡು ಬೇಕೆನ್ನುವ ಕಂಪನಿ ತಾರತಮ್ಯ ಮಾಡುವುದಿಲ್ಲವೆಂದು ಒಪ್ಪಂದದಲ್ಲೇ ಬರೆದುಕೊಡಬೇಕು. ದೊಡ್ಡ ಗುತ್ತಿಗೆದಾರರು ತಮ್ಮಲ್ಲಿ ಯಾವ ವರ್ಗದವರು ಎಷ್ಟಿದ್ದಾರೆ, ಕೊರತೆ ಎಲ್ಲಿದೆ, ತುಂಬುವ ಯೋಜನೆಯೇನು ಎಂದು ವರ್ಷವರ್ಷವೂ ಲೆಕ್ಕ ಇಡಬೇಕು. ಸುಮಾರು ಅರುವತ್ತು ವರ್ಷ ಎರಡೂ ಪಕ್ಷಗಳ ಅಧ್ಯಕ್ಷರು ಈ ಆದೇಶವನ್ನು ಉಳಿಸಿಕೊಂಡು ಬಂದಿದ್ದರು.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಅಮೆರಿಕದ ಕಂಪನಿಗಳು ಇನ್ನಷ್ಟು ಮುಂದೆ ಹೋದವು. ಗುರಿಗಳು ಬಹಿರಂಗವಾದವು, ಡಿಇಐ ಮುಖ್ಯಸ್ಥರ ಹುದ್ದೆಗಳು ಹುಟ್ಟಿದವು, ಹಿರಿಯ ಅಧಿಕಾರಿಗಳ ಬೋನಸ್ಸಿಗೂ ಆ ಗುರಿಗಳಿಗೂ ಗಂಟು ಬಿತ್ತು. ಮೂರೇ ವರ್ಷದಲ್ಲಿ ಗಾಳಿ ತಿರುಗಿತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಗಣಿಸಬಾರದೆಂದು ತೀರ್ಪಿತ್ತಿತು. ತೀರ್ಪು ಕಾಲೇಜುಗಳ ಬಗ್ಗೆ ಮಾತ್ರ. ಆದರೆ ಕಂಪನಿಗಳ ವಕೀಲರು ಅದರಲ್ಲಿ ತಮ್ಮ ಕಕ್ಷಿದಾರರ ನಾಳೆಯನ್ನು ಓದಿಕೊಂಡರು. 2024ರಲ್ಲಿ ಟ್ರ್ಯಾಕ್ಟರ್ ತಯಾರಿಸುವ ಜಾನ್ ಡೀರ್, ಮೋಟಾರ್‌ಸೈಕಲ್‌ನ ಹಾರ್ಲೆ-ಡೇವಿಡ್ಸನ್, ಚಿಲ್ಲರೆ ವ್ಯಾಪಾರದ ವಾಲ್‌ಮಾರ್ಟ್ ಹಿಂದೆ ಸರಿದವು. ಅಂದರೆ ಹಿಂಜರಿತ ಶುರುವಾಗಿದ್ದು ಹೊಸ ಸರ್ಕಾರ ಬರುವ ಮೊದಲೇ.

2025ರ ಜನವರಿ 21ರಂದು, ಅಧಿಕಾರ ವಹಿಸಿಕೊಂಡ ಮರುದಿನ, ಡೊನಾಲ್ಡ್ ಟ್ರಂಪ್ 14173ನೇ ಆದೇಶಕ್ಕೆ ಸಹಿ ಹಾಕಿದರು. ಅದು ಜಾನ್ಸನ್ನರ ಆದೇಶವನ್ನು ರದ್ದು ಮಾಡಿತು, ಆದರೆ ಜಾನ್ಸನ್ನರ ಉಪಕರಣವನ್ನು ಬಿಸಾಡಲಿಲ್ಲ. ಗುತ್ತಿಗೆ ಬೇಕಾದವರು ಬರೆದುಕೊಡಬೇಕೆಂಬ ಪದ್ಧತಿ ಹಾಗೇ ಉಳಿಯಿತು. ಏನನ್ನು ಬರೆದುಕೊಡಬೇಕು ಎಂಬುದಷ್ಟೇ ತಲೆಕೆಳಗಾಯಿತು.

ಈ ಮುಚ್ಚಳಿಕೆಗೆ ಹಲ್ಲು ಕೊಟ್ಟಿರುವುದು 1863ರ ಒಂದು ಕಾನೂನು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸರಕು ಮಾರಿ ದುಡ್ಡು ಹೊಡೆಯುತ್ತಿದ್ದ ವ್ಯಾಪಾರಿಗಳನ್ನು ಹಿಡಿಯಲು ಲಿಂಕನ್ನರ ಸರ್ಕಾರ ತಂದ ಸುಳ್ಳು ಬಿಲ್ಲುಗಳ ಕಾಯ್ದೆ ಅದು. ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟು ಹಣ ಪಡೆದವರು ನಷ್ಟದ ಮೂರು ಪಟ್ಟು ಕಟ್ಟಿಕೊಡಬೇಕು. ಮೋಸವನ್ನು ಬಲ್ಲ ಯಾರೇ ಆದರೂ, ಕಂಪನಿಯ ನೌಕರನೂ ಸೇರಿ, ಸರ್ಕಾರದ ಪರವಾಗಿ ದಾವೆ ಹೂಡಿ, ಗೆದ್ದರೆ ವಸೂಲಾದ ಹಣದಲ್ಲಿ ಪಾಲು ಪಡೆಯಬಹುದು. ಹೊಸ ಆದೇಶವು ಡಿಇಐ ಕುರಿತ ಮುಚ್ಚಳಿಕೆಯನ್ನು ಈ ಕಾಯ್ದೆಗೆ ಕಟ್ಟಿಹಾಕಿತು. 2025ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಇಂಥ ದಾವೆಗಳಿಗೆಂದೇ ಒಂದು ವಿಶೇಷ ವ್ಯವಸ್ಥೆಯನ್ನು ಪ್ರಕಟಿಸಿತು. ಕಂಪನಿಯ ಹಣಕಾಸು ಅಧಿಕಾರಿಗೆ ನಿದ್ದೆ ಕೆಡಿಸುವುದು ರಾಜಕಾರಣಿಯ ಭಾಷಣವಲ್ಲ, ಮೂರು ಪಟ್ಟು ಎಂಬ ಈ ಲೆಕ್ಕ.

ಇದಕ್ಕೆ ಸೇರಿದ್ದು ಅಸ್ಪಷ್ಟತೆ. ಕಾನೂನುಬಾಹಿರ ಡಿಇಐ ಕೂಡದು ಎನ್ನುತ್ತದೆ ಆದೇಶ. ಯಾವ ಡಿಇಐ ಕಾನೂನುಬಾಹಿರ ಎಂದು ಹೇಳುವುದಿಲ್ಲ. ಜನಾಂಗ ನೋಡಿ ಕೆಲಸ ಕೊಡುವುದು ಅಮೆರಿಕದಲ್ಲಿ 1964ರಿಂದಲೂ ಕಾನೂನುಬಾಹಿರವೇ, ಲಾಭ ಯಾರಿಗಾದರೂ ಸರಿ. ಆದೇಶದ ಪರವಾಗಿ ವಾದಿಸುವವರ ಮುಖ್ಯ ನೆಲೆಯೂ ಇದೇ: ಕಾಯ್ದೆ ಬಹುಸಂಖ್ಯಾತರನ್ನೂ ಕಾಪಾಡುತ್ತದೆ, ಗುರಿಯ ಹೆಸರಲ್ಲಿ ಒಬ್ಬರಿಗೆ ಸಿಕ್ಕ ಕುರ್ಚಿ ಇನ್ನೊಬ್ಬರಿಗೆ ತಪ್ಪಿದ ಕುರ್ಚಿ. ಬಿಳಿಯ, ಗಂಡು, ಅಥವಾ ಬೇರೆ ಬಹುಸಂಖ್ಯಾತ ಗುಂಪಿನ ದೂರುದಾರರು ತಾರತಮ್ಯ ಸಾಬೀತುಪಡಿಸಲು ಹೆಚ್ಚಿನ ಪುರಾವೆ ಒದಗಿಸಬೇಕಿಲ್ಲ ಎಂದು 2025ರ ಜೂನ್ 5ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಈ ವಾದದಲ್ಲಿ ಹುರುಳಿದೆ. ಆದರೆ ಹುದ್ದೆಯ ಜಾಹೀರಾತನ್ನು ಹೆಚ್ಚು ಕಡೆ ಹಾಕುವುದು, ಮಹಿಳಾ ಎಂಜಿನಿಯರುಗಳ ಬಳಗಕ್ಕೆ ಸಭಾಂಗಣ ಕೊಡುವುದು ಯಾರ ಕುರ್ಚಿಯನ್ನೂ ಕಿತ್ತುಕೊಳ್ಳುವುದಿಲ್ಲ. ಗೆರೆ ಎಲ್ಲಿದೆ ಎಂದು ಗೊತ್ತಿಲ್ಲದಾಗ ಗೆರೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲು ಎಂಬುದೇ ವಕೀಲರ ಬುದ್ಧಿವಾದ. ಮೇರಿಲ್ಯಾಂಡಿನ ನ್ಯಾಯಾಧೀಶರೊಬ್ಬರು ಈ ಅಸ್ಪಷ್ಟತೆಯ ಮೇಲೆಯೇ 2025ರ ಫೆಬ್ರವರಿಯಲ್ಲಿ ಆದೇಶದ ಮುಖ್ಯ ಭಾಗಗಳಿಗೆ ತಡೆ ಕೊಟ್ಟಿದ್ದರು. ಮಾರ್ಚ್ 14ರಂದು ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ಅಮಾನತಿನಲ್ಲಿಟ್ಟಿತು. ಪ್ಯಾರಿಸ್‌ನ ಪತ್ರಗಳ ಸುದ್ದಿ ಬಂದದ್ದು ಅದಾದ ಎರಡೇ ವಾರಕ್ಕೆ.

ಅಮೆರಿಕದ ಉದ್ಯೋಗ ಕಾನೂನು ಹೊರದೇಶಕ್ಕೆ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಿಂದೆಯೇ ಸಿಕ್ಕಿತ್ತು. ಸೌದಿ ಅರೇಬಿಯದಲ್ಲಿ ಕೆಲಸಕ್ಕಿದ್ದ ಅಮೆರಿಕನ್ ಪ್ರಜೆಯೊಬ್ಬರ ಪ್ರಕರಣದಲ್ಲಿ, 1964ರ ಕಾಯ್ದೆಯ ಏಳನೆಯ ಅಧ್ಯಾಯ ದೇಶದ ಗಡಿ ದಾಟುವುದಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಸಂಸತ್ತು ಕಾಯ್ದೆಯನ್ನು ತಿದ್ದಿ, ಅಮೆರಿಕನ್ ಹಿಡಿತದ ಕಂಪನಿಯಲ್ಲಿ ಹೊರದೇಶದಲ್ಲಿ ದುಡಿಯುವ ಅಮೆರಿಕನ್ ಪ್ರಜೆಗಳಿಗೆ ಮಾತ್ರ ರಕ್ಷಣೆ ಕೊಟ್ಟಿತು. ಅಲ್ಲಿನ ನೆಲದ ಕಾನೂನಿಗೆ ವಿರುದ್ಧವಾದರೆ ಅದೂ ಇಲ್ಲ. ಲಿಯಾನ್ ನಗರದ ಫ್ರೆಂಚ್ ಕಂಪನಿಯೊಂದರ ಫ್ರೆಂಚ್ ಗುಮಾಸ್ತೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅನ್ವಯಿಸದ ಕಾನೂನನ್ನು ಮುರಿದಿಲ್ಲ ಎಂದು ಯಾರು ಬೇಕಾದರೂ ಸಹಿ ಹಾಕಬಹುದಲ್ಲ? ಅಕ್ಷರಶಃ ನೋಡಿದರೆ ಹಾಕಬಹುದು. ಸಹಿಯ ಭಾರ ಇರುವುದು ಅಕ್ಷರದಲ್ಲಲ್ಲ; ಕೊಳ್ಳುವವನು ಯಾವಾಗ ಬೇಕಾದರೂ ಆ ಕಾಗದ ತೆಗೆದು ಪ್ರಶ್ನೆ ಕೇಳಬಲ್ಲ ಎಂಬ ಅಂಜಿಕೆಯಲ್ಲಿ.

ಯುರೋಪಿನ ಸರ್ಕಾರಗಳು ಗಟ್ಟಿಯಾಗಿಯೇ ಉತ್ತರ ಕೊಟ್ಟವು. ಫ್ರೆಂಚ್ ಕಂಪನಿಗಳ ನೀತಿಯಲ್ಲಿ ಅಮೆರಿಕದ ಹಸ್ತಕ್ಷೇಪ ಒಪ್ಪತಕ್ಕದ್ದಲ್ಲ ಎಂದು ಫ್ರಾನ್ಸಿನ ವಿದೇಶ ವ್ಯಾಪಾರ ಸಚಿವಾಲಯ ಹೇಳಿತು. ಹಣಕಾಸು ಸಚಿವರಾಗಿದ್ದ ಎರಿಕ್ ಲೊಂಬಾರ್, ಪತ್ರದಲ್ಲಿರುವುದು ಅಮೆರಿಕದ ಹೊಸ ಸರ್ಕಾರದ ಮೌಲ್ಯಗಳು, ತಮ್ಮವಲ್ಲ ಎಂದರು. ಎಲ್ಲಕ್ಕಿಂತ ಸೊಗಸಾದದ್ದು ಸ್ಟಾಕ್‌ಹೋಮ್‌ನ ಪ್ರಸಂಗ. ಆ ಊರಿನ ನಗರ ಯೋಜನಾ ಕಚೇರಿಗೂ ಇದೇ ಮುಚ್ಚಳಿಕೆ ಹೋಯಿತು. ಕಟ್ಟಡದ ಪರವಾನಗಿಗೆ ರಾಯಭಾರ ಕಚೇರಿ ಶುಲ್ಕ ಕಟ್ಟುವುದರಿಂದ, ಅದರ ಲೆಕ್ಕದಲ್ಲಿ ಪರವಾನಗಿ ಕೊಡುವ ನಗರಾಡಳಿತವೂ ಒಬ್ಬ ಪೂರೈಕೆದಾರ! ಸಹಿ ಹಾಕುವ ಮಾತೇ ಇಲ್ಲ ಎಂದ ನಗರದ ನಾಯಕರು, ಸಂಬಂಧ ಕಡಿದರೆ ತೊಂದರೆ ಪರವಾನಗಿ ಬೇಕಾದವರಿಗೇ ಎಂಬುದನ್ನೂ ನೆನಪಿಸಿದರು.

ಈ ಗಟ್ಟಿತನದ ಹಿಂದೆ ನೆಲದ ಕಾನೂನಿತ್ತು. ಕಂಪನಿಗಳ ಆಡಳಿತ ಮಂಡಳಿಯಲ್ಲಿ ಶೇ 40ರಷ್ಟು ಮಹಿಳೆಯರಿರಬೇಕೆಂದು ನಾರ್ವೆ 2003ರಲ್ಲೇ ವಿಧಿಸಿತ್ತು. ಫ್ರಾನ್ಸ್ 2011ರ ಜನವರಿಯಲ್ಲಿ ಅದೇ ಪ್ರಮಾಣವನ್ನು ಕಡ್ಡಾಯ ಮಾಡಿತು. 2021ರ ಇನ್ನೊಂದು ಕಾಯ್ದೆಯಲ್ಲಿ, ಸಾವಿರಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಂಪನಿಗಳ ಉನ್ನತ ಹುದ್ದೆಗಳಿಗೆ 2026ಕ್ಕೆ ಶೇ 30, 2029ಕ್ಕೆ ಶೇ 40 ಎಂದು ಗೊತ್ತುಮಾಡಿತು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಫ್ರೆಂಚ್ ಸಂಸ್ಥೆ ಶೇ 6ರಷ್ಟು ಅಂಗವಿಕಲರನ್ನು ನೇಮಿಸಿಕೊಳ್ಳಬೇಕು, ಇಲ್ಲವೇ ನಿಧಿಗೆ ಹಣ ಕಟ್ಟಬೇಕು. ಜರ್ಮನಿಯ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಗೆ 2015ರ ಕಾನೂನು ಮಹಿಳೆಯರಿಗೆ ಶೇ 30ರ ಕನಿಷ್ಠ ಪ್ರಮಾಣ ವಿಧಿಸಿದೆ. ಒಂದು ವಿಚಿತ್ರವೂ ಇದೆ. ಅಮೆರಿಕದ ಜಗಳದ ಕೇಂದ್ರವಾಗಿರುವ ಜನಾಂಗವಾರು ಲೆಕ್ಕವನ್ನು ಫ್ರಾನ್ಸಿನ ಕಂಪನಿಗಳು ಇಟ್ಟೇ ಇಲ್ಲ. ಪ್ರಜೆಗಳ ಜನಾಂಗೀಯ ಮೂಲದ ಮಾಹಿತಿ ಕಲೆಹಾಕುವುದನ್ನು ಅಲ್ಲಿನ 1978ರ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಬಚ್ಚಿಟ್ಟಿಲ್ಲವೆಂದು ಬರೆದುಕೊಡಿ ಎಂದು ಕೇಳಿದ್ದು, ಹಾಗಾಗಿ, ಮೊದಲಿಂದಲೂ ಇಲ್ಲದ ವಸ್ತುವನ್ನು.

ಸರ್ಕಾರಗಳು ಗುಡುಗಿದರೂ ಕಂಪನಿಗಳು ತಮ್ಮ ಲೆಕ್ಕ ತಾವು ಹಾಕಿದವು. ಡಬ್ಲಿನ್‌ನಲ್ಲಿ ನೋಂದಣಿಯಾಗಿರುವ ಅಕ್ಸೆಂಚರ್ 2025ರ ಫೆಬ್ರವರಿಯಲ್ಲೇ, 2017ರಲ್ಲಿ ಹಾಕಿಕೊಂಡಿದ್ದ ಜಾಗತಿಕ ವೈವಿಧ್ಯದ ಗುರಿಗಳನ್ನು ಕೊನೆಗೊಳಿಸುವುದಾಗಿ ನೌಕರರಿಗೆ ತಿಳಿಸಿತು. ಒಂದೊಂದು ವರ್ಗಕ್ಕೆಂದೇ ನಡೆಯುತ್ತಿದ್ದ ವೃತ್ತಿ ಬೆಳವಣಿಗೆಯ ಕಾರ್ಯಕ್ರಮಗಳೂ ನಿಂತವು. ಅದೇ ತಿಂಗಳು ಬ್ರಿಟನ್ನಿನ ಔಷಧ ಕಂಪನಿ ಜಿಎಸ್‌ಕೆ ಗುರಿಗಳನ್ನು ಕೈಬಿಟ್ಟಿತು. ಸ್ವಿಟ್ಜರ್ಲೆಂಡಿನ ರೋಶ್ ಕೂಡ ಅದೇ ದಾರಿ ಹಿಡಿಯಿತು. ಮೇ ತಿಂಗಳಲ್ಲಿ ಜರ್ಮನಿಯ ಎಸ್‌ಎಪಿ ಸರದಿ.

ಎಸ್‌ಎಪಿಯನ್ನು ಕೊಂಚ ಹತ್ತಿರದಿಂದ ನೋಡಬಹುದು, ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ವಾಲ್‌ಡೋರ್ಫ್ ಎಂಬ ಸಣ್ಣ ಊರಿನಲ್ಲಿ ಕೇಂದ್ರವಿರುವ, ಲಕ್ಷಕ್ಕೂ ಮಿಕ್ಕಿ ನೌಕರರ ಈ ಸಾಫ್ಟ್‌ವೇರ್ ಕಂಪನಿ, ಒಟ್ಟು ನೌಕರರಲ್ಲಿ ಶೇ 40ರಷ್ಟು ಮಹಿಳೆಯರು ಎಂಬ ಗುರಿಯನ್ನು ಬಿಟ್ಟಿತು. ಆಡಳಿತ ಮಂಡಳಿಯ ಸದಸ್ಯರ ಸಂಬಳ ಲೆಕ್ಕ ಹಾಕುವಾಗ ಮಹಿಳಾ ಪ್ರಮಾಣವನ್ನು ಗಣಿಸುವುದನ್ನೂ ಬಿಟ್ಟಿತು. ಮೇಲ್ವಿಚಾರಣಾ ಮಂಡಳಿಯ ಶೇ 30ಕ್ಕೆ ಮಾತ್ರ ಕೈಹಚ್ಚಲಿಲ್ಲ, ಹಚ್ಚುವಂತೆಯೂ ಇರಲಿಲ್ಲ. ಅದು ಜರ್ಮನಿಯ ಕಾನೂನು. ತಾನಾಗಿ ಕೊಟ್ಟ ಮಾತು ಒಂದು ಇ-ಮೇಲ್‌ನಲ್ಲಿ ಹೋಯಿತು, ಕಾನೂನು ಕೊಡಿಸಿದ ಮಾತು ಇದ್ದಲ್ಲೇ ಇದೆ. ಸಂಬಳದ ಗಂಟು ಬಿಚ್ಚಿದ್ದನ್ನು ಪತ್ರಿಕೆಗಳು ಒಂದು ಸಾಲಿನಲ್ಲಿ ಮುಗಿಸಿದವು, ಆದರೆ ಭಾರವಾದ ಬದಲಾವಣೆ ಅದೇ. ಗೋಡೆಯ ಮೇಲಿನ ಘೋಷಣೆಯನ್ನು ಮ್ಯಾನೇಜರು ಮರೆಯಬಹುದು, ಬೋನಸ್ಸನ್ನು ಮರೆಯುವುದಿಲ್ಲ.

ಒಂದೇ ಮನೆತನ ಎರಡು ನಾಲಿಗೆಯಲ್ಲಿ ಮಾತಾಡಿದ್ದೂ ಉಂಟು. ಜರ್ಮನಿಯ ಡಾಯ್ಚ ಟೆಲಿಕಾಂ ಹಿಡಿತದಲ್ಲಿರುವ ಅಮೆರಿಕದ ಟಿ-ಮೊಬೈಲ್, ಯುಎಸ್ ಸೆಲ್ಯುಲರ್ ಕಂಪನಿಯ ವ್ಯವಹಾರವನ್ನು ಕೊಳ್ಳಲು ಸಂಪರ್ಕ ಆಯೋಗದ ಒಪ್ಪಿಗೆಗೆ ಕಾದಿತ್ತು. 2025ರ ಜುಲೈನಲ್ಲಿ ಅದು ಡಿಇಐ ವಿಭಾಗ, ಹುದ್ದೆಗಳೆಲ್ಲವನ್ನೂ ತೆಗೆದುಹಾಕುವುದಾಗಿ ಆಯೋಗಕ್ಕೆ ಬರೆದುಕೊಟ್ಟಿತು, ಕೆಲವೇ ದಿನದಲ್ಲಿ ಒಪ್ಪಿಗೆ ಸಿಕ್ಕಿತು. ಲೆಕ್ಕಪರಿಶೋಧನೆಯ ಡೆಲಾಯ್ಟ್‌ನಲ್ಲಿ ಅಮೆರಿಕದ ಶಾಖೆ ಗುರಿಗಳಿಗೆ ತೆರೆ ಎಳೆದರೆ, ಬ್ರಿಟನ್ನಿನ ಶಾಖೆ ತನ್ನ ಗುರಿಗಳು ಬದಲಾಗಿಲ್ಲವೆಂದು ಸಿಬ್ಬಂದಿಗೆ ತಿಳಿಸಿತು. ಬಗ್ಗದ ಅಮೆರಿಕನ್ ಕಂಪನಿಗಳೂ ಇವೆ: ಕಾಸ್ಟ್‌ಕೋದಲ್ಲಿ ಡಿಇಐ ವಿರುದ್ಧ ಬಂದ ಪ್ರಸ್ತಾವವನ್ನು 2025ರ ಜನವರಿಯಲ್ಲಿ ಷೇರುದಾರರ ಶೇ 98ಕ್ಕೂ ಹೆಚ್ಚು ಮತಗಳು ತಳ್ಳಿಹಾಕಿದವು. ಇನ್ನು ಬಹಳಷ್ಟು ಕಂಪನಿಗಳು ಮಾಡಿದ್ದು ಹೆಸರು ಬದಲಾವಣೆ. ‘ವೈವಿಧ್ಯ’ ಹೋಗಿ ‘ಅವಕಾಶ’ ಬಂತು, ‘ಸಮತೆ’ ಹೋಗಿ ‘ನಮ್ಮವರೆನ್ನುವ ಭಾವ’ ಬಂತು. ಬೋರ್ಡು ಬದಲಾಯಿಸಿ ಒಳಗಿನ ಅಂಗಡಿಯನ್ನು ಹಾಗೆಯೇ ನಡೆಸಿದವರು ಯಾರು, ಅಂಗಡಿಯನ್ನೇ ಮುಚ್ಚಿದವರು ಯಾರು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಗುರಿಯೊಂದಿಗೆ ಲೆಕ್ಕ ಪ್ರಕಟಿಸುವುದೂ ನಿಂತರೆ, ಮುಂದೆ ಅಳೆಯಲು ಕೋಲೇ ಇರುವುದಿಲ್ಲ.

ಹೊರದೇಶದ ಒತ್ತಡ ಎಂದೊಡನೆ ಅದನ್ನು ಒಂದೇ ದಿಕ್ಕಿನ ಗಾಳಿಯೆಂದು ತಿಳಿಯಬೇಕಿಲ್ಲ. ಹಿಂದೆ ಇದೇ ಅಮೆರಿಕದಿಂದ ಎದುರು ದಿಕ್ಕಿನ ಒತ್ತಡ ಬಂದಿತ್ತು. ಫಿಲಡೆಲ್ಫಿಯದ ಬ್ಯಾಪ್ಟಿಸ್ಟ್ ಪಾದ್ರಿ ಲಿಯಾನ್ ಸಲಿವನ್, ಜನರಲ್ ಮೋಟಾರ್ಸ್ ಆಡಳಿತ ಮಂಡಳಿಗೆ ಬಂದ ಮೊದಲ ಕರಿಯ ಸದಸ್ಯ. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ವ್ಯವಹರಿಸುವ ಅಮೆರಿಕನ್ ಕಂಪನಿಗಳಿಗಾಗಿ ಅವರು 1977ರಲ್ಲಿ ಆರು ಸೂತ್ರ ಬರೆದರು. ಊಟದ ಕೋಣೆ, ಶೌಚಾಲಯಗಳಲ್ಲಿ ಬಿಳಿಯ-ಕರಿಯ ಭೇದ ಕೂಡದು ಎಂಬುದು ಮೊದಲನೆಯದು. ಸಮಾನ ಕೆಲಸಕ್ಕೆ ಸಮಾನ ಕೂಲಿ, ಮೇಲ್ವಿಚಾರಕ ಹುದ್ದೆಗಳಲ್ಲಿ ಕರಿಯರ ಸಂಖ್ಯೆ ಹೆಚ್ಚಬೇಕು ಎಂಬವೂ ಅವುಗಳಲ್ಲಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅಪ್ಪಟ ಡಿಇಐ, ಅದೂ ಆ ದೇಶದ ಸರ್ಕಾರದ ನೀತಿಗೆ ವಿರುದ್ಧವಾಗಿ. ಶಾಂತಿ ನೊಬೆಲ್ ಪಡೆದಿದ್ದ ಶಾನ್ ಮ್ಯಾಕ್‌ಬ್ರೈಡ್ ಹೆಸರಿನಲ್ಲಿ 1984ರಲ್ಲಿ ಉತ್ತರ ಐರ್ಲೆಂಡಿಗೂ ಇಂಥ ಸೂತ್ರಗಳು ಬಂದವು. ಅಲ್ಲಿ ಕೆಥೊಲಿಕರಿಗೆ ಕೆಲಸ ಕೊಡದ ಕಾರ್ಖಾನೆಗಳ ಮೇಲೆ ಅಮೆರಿಕದ ಪಿಂಚಣಿ ನಿಧಿಗಳ ಕಣ್ಣು ಬಿತ್ತು. ಬ್ರಿಟನ್ 1989ರಲ್ಲಿ ಆ ಪ್ರಾಂತ್ಯಕ್ಕೆ ಬಿಗಿಯಾದ ನ್ಯಾಯೋಚಿತ ಉದ್ಯೋಗ ಕಾಯ್ದೆ ತಂದದ್ದಕ್ಕೆ ಈ ಒತ್ತಡವೂ ಒಂದು ಕಾರಣ.

ಇನ್ನೂ ಒಂದು ನೆನಪು ಇಲ್ಲಿ ಸಲ್ಲುತ್ತದೆ. ಇಸ್ರೇಲನ್ನು ಬಹಿಷ್ಕರಿಸಿದ್ದ ಅರಬ್ ದೇಶಗಳು ಅಮೆರಿಕದ ಕಂಪನಿಗಳಿಂದ ನಾನಾ ಬಗೆಯ ಪ್ರಮಾಣಪತ್ರ ಕೇಳುತ್ತಿದ್ದವು. ಅದಕ್ಕೆ ಎದುರಾಗಿ 1977ರಲ್ಲಿ ಅಮೆರಿಕ ಕಾನೂನು ಮಾಡಿ, ವಿದೇಶಿ ಬಹಿಷ್ಕಾರಕ್ಕೆ ತಲೆಬಾಗಿ ಜನಾಂಗ, ಧರ್ಮ, ಲಿಂಗದ ಮೇಲೆ ಭೇದ ಮಾಡುವುದನ್ನಷ್ಟೇ ಅಲ್ಲ, ನೌಕರರ ಬಗ್ಗೆ ಅಂಥ ಮಾಹಿತಿ ಬರೆದುಕೊಡುವುದನ್ನೂ ತನ್ನ ಕಂಪನಿಗಳಿಗೆ ನಿಷೇಧಿಸಿತು. ಕೊಳ್ಳುವವನು ಕೇಳಿದ ಮುಚ್ಚಳಿಕೆಯನ್ನು ಬರೆದುಕೊಡದಿರಲು ಕಂಪನಿಗೆ ಅತಿ ಸುಲಭದ ನೆಪ, ‘ನಮ್ಮ ಕಾನೂನು ಬಿಡುವುದಿಲ್ಲ’ ಎನ್ನುವುದು ಎಂದು ಆಗ ಬಲ್ಲವರು ಅಮೆರಿಕನ್ನರೇ.

ಈ ಸಂಗತಿ ಬೆಂಗಳೂರಿಗೆ ದೂರದ್ದಲ್ಲ. ಎಸ್‌ಎಪಿಗೆ ಜರ್ಮನಿಯ ಹೊರಗೆ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ಇಲ್ಲಿ. ಅಕ್ಸೆಂಚರ್‌ನ ನೌಕರರಲ್ಲಿ ಮೂರು ಲಕ್ಷದಷ್ಟು ಮಂದಿ ಭಾರತದವರು, ಬೆಂಗಳೂರು ಅವರ ಮುಖ್ಯ ನೆಲೆಗಳಲ್ಲೊಂದು. ಇನ್ಫೊಸಿಸ್‌ನ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕದಿಂದ ಬರುತ್ತದೆ. ಅದೇ ಕಂಪನಿ 2030ಕ್ಕೆ ನೌಕರರಲ್ಲಿ ಶೇ 45 ಮಹಿಳೆಯರು ಎಂಬ ಗುರಿಯನ್ನೂ ಹಾಕಿಕೊಂಡಿತ್ತು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ‘ಡೈವರ್ಸಿಟಿ’ ಎಂದರೆ ಬಹುಮಟ್ಟಿಗೆ ಹೆಣ್ಣುಮಕ್ಕಳು ಎಂದೇ ಅರ್ಥ. ಹೆಣ್ಣು ಅಭ್ಯರ್ಥಿಯನ್ನು ಶಿಫಾರಸು ಮಾಡಿ ತಂದ ನೌಕರರಿಗೆ ಹೆಚ್ಚಿನ ರೆಫರಲ್ ಬೋನಸ್, ಹೆರಿಗೆ, ಮಗು ಎಂದು ಕೆಲಸ ಬಿಟ್ಟವರನ್ನು ಮತ್ತೆ ಕರೆತರುವ ಕಾರ್ಯಕ್ರಮ, 2018ರಲ್ಲಿ 377ನೇ ಕಲಮಿನ ತೀರ್ಪು ಬಂದ ಮೇಲೆ ಸಲಿಂಗ ಸಂಗಾತಿಗೂ ಆರೋಗ್ಯ ವಿಮೆ: ಇವು ಇಲ್ಲಿನ ಕಚೇರಿಗಳು ಬಲ್ಲ ಡಿಇಐ. ಜಾತಿ ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಮೀಸಲಾತಿ ಸರ್ಕಾರಿ ಹುದ್ದೆಗಳ ಮಾತು, ಖಾಸಗಿ ಕಂಪನಿಗೆ ಅದು ಕಡ್ಡಾಯವಲ್ಲ. ಅಮೆರಿಕದಿಂದ ಬಂದ ನಮೂನೆಗಳಲ್ಲಿ ಜಾತಿಗೆ ಕಾಲಮ್ಮೂ ಇರಲಿಲ್ಲ.

ಈ ಏರ್ಪಾಟುಗಳಲ್ಲಿ ಹೆಚ್ಚಿನವು ಭಾರತದ ಯಾವ ಕಾಯ್ದೆಯಿಂದಲೂ ಬಂದವಲ್ಲ. ಮುಖ್ಯ ಕಚೇರಿಯ ಬಜೆಟ್ಟಿನಲ್ಲಿ ಒಂದು ಸಾಲಾಗಿ ಬಂದವು, ಆ ಸಾಲು ಅಳಿಸಿದರೆ ಹೋಗುವಂಥವು. ಪಟ್ಟಿಯಲ್ಲಿರುವ ಕಂಪನಿಗಳಿಗೂ ದೊಡ್ಡ ಪಬ್ಲಿಕ್ ಕಂಪನಿಗಳಿಗೂ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕೆಂಬ 2013ರ ಕಂಪನಿ ಕಾಯ್ದೆಯ ನಿಯಮ, ವಿದೇಶಿ ಕಂಪನಿಗಳ ಇಲ್ಲಿನ ಕೇಂದ್ರಗಳಿಗೆ ಹೆಚ್ಚಾಗಿ ತಾಗುವುದಿಲ್ಲ, ಅವು ಪ್ರೈವೇಟ್ ಲಿಮಿಟೆಡ್ ಸಂಸ್ಥೆಗಳು. ತಾಗುವ ನಿಯಮಗಳು ಬೇರೆ. ಹತ್ತು ಮಂದಿ ಇರುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, 2013ರಿಂದ. ಅಂಗವಿಕಲರಿಗೆ ಸಮಾನ ಅವಕಾಶದ ನೀತಿಯನ್ನು ಖಾಸಗಿ ಸಂಸ್ಥೆಯೂ ಬರೆದು ಪ್ರಕಟಿಸಬೇಕು, 2016ರ ಕಾಯ್ದೆಯಿಂದ. ಇಪ್ಪತ್ತಾರು ವಾರದ ಹೆರಿಗೆ ರಜೆ ಕೊಡಬೇಕು, ಐವತ್ತು ಮಂದಿ ಇರುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು, 2017ರಿಂದ. ರೆಫರಲ್ ಬೋನಸ್ಸಿನ ದರ ಈ ತ್ರೈಮಾಸಿಕದಲ್ಲಿ ಎಷ್ಟೆಂದು ಎಚ್‌.ಆರ್. ವಿಭಾಗ ಹೊರದೇಶದ ಮುಖ್ಯ ಕಚೇರಿಯನ್ನು ಕೇಳಬೇಕು. ಕ್ರೆಶ್ಶಿನ ಬಾಗಿಲು ತೆಗೆಯಲು ಯಾರನ್ನೂ ಕೇಳಬೇಕಾಗಿಲ್ಲ.